ಶನಿವಾರ ಸರಿಸದ ಕೋಚ್

ಕೋಚ್ ತೀರಿಕೊಂಡ ಸುದ್ದಿ ನಮಗೆ ತಲುಪುವ ಹೊತ್ತಿಗೆ ಮಣ್ಣು ಮಾಡಿಯೂ ಆಗಿತ್ತು. ಯೆಹೂದಿಗಳಲ್ಲಿ ತಡಮಾಡುವುದಿಲ್ಲವಂತೆ. ನಿವೃತ್ತಿಯ ನಂತರ ಅವರು ದೇಶದ ಆ ತುದಿಯಲ್ಲಿದ್ದ ಮಗಳ ಊರಿಗೆ ಹೋಗಿ ನೆಲೆಸಿದ್ದರು. ಅಷ್ಟು ದೂರ ಹಾರಿ ಹೋಗಿ ಒಂದು ಹಿಡಿ ಮಣ್ಣು ಹಾಕುವ ಅವಕಾಶ ಅವರ ಹುಡುಗಿಯರಲ್ಲಿ ಒಬ್ಬಳಿಗೂ ಸಿಗಲಿಲ್ಲ. ಹಳೆಯ ಆಟಗಾರ್ತಿಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬಳು ಅವರು ಕುರ್ಚಿ ಒದ್ದ ಕತೆ ಬರೆದಳು, ಇನ್ನೊಬ್ಬಳು ರೆಫರಿಯ ಜೊತೆ ಜಗಳ ಕಾದದ್ದು ಬರೆದಳು. ನನ್ನ ಮಗಳು ಒಂದೊಂದನ್ನೇ ನನಗೆ ಓದಿ ಹೇಳುತ್ತಾ ನಗುತ್ತಿದ್ದಳು, ನಡುನಡುವೆ ಮೂಗು ಒರೆಸಿಕೊಳ್ಳುತ್ತಿದ್ದಳು.

ಅವರು ಬ್ಯಾಸ್ಕೆಟ್‌ಬಾಲ್ ಕೋಚ್. ಸಿಯಾಟಲ್ ಬಿಟ್ಟು ಸರೋವರ ದಾಟಿದರೆ ಸಿಗುವ ನಮ್ಮ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ಹುಡುಗಿಯರ ತಂಡವನ್ನು ಬಹಳ ವರ್ಷ ನೋಡಿಕೊಂಡವರು. ಹೆಸರು ಬರೆಯುವುದಿಲ್ಲ. ಬರೆದರೆ "ಆಡಿದ್ದು ಹುಡುಗಿಯರು, ನನ್ನ ಹೆಸರು ಯಾಕೆ?" ಎಂದು ಎಲ್ಲಿದ್ದರೂ ಬೈಯುತ್ತಾರೆ. ಇನ್ನೊಂದು ಮಾತು. ಅವರು ಆಡಿದ್ದೆಲ್ಲ ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಅವರು ಅಚ್ಚುಕಟ್ಟಾಗಿ ಕನ್ನಡ ಮಾತಾಡುತ್ತಾರೆ, ಏನು ಮಾಡಲಿ.

ನನ್ನ ಮಗಳು ಪೂರ್ವಿ ಆ ಕಾಲೇಜಿಗೆ ಸೇರಿದ್ದು ನಮಗೇನೂ ಸಂತೋಷದ ವಿಷಯವಾಗಿರಲಿಲ್ಲ. ಓವರ್‌ಲೇಕ್‌ನಲ್ಲಿ ನಮ್ಮ ಸುತ್ತಮುತ್ತ ಮೈಸೂರು, ಹಾಸನ, ಬೆಂಗಳೂರಿನ ಮನೆಗಳೇ. ಆ ವರ್ಷ ಎಲ್ಲರ ಮಕ್ಕಳೂ ಹೆಸರಾಂತ ಯೂನಿವರ್ಸಿಟಿಗಳಿಗೆ ಹೊರಟಿದ್ದರು. ಇವಳಿಗೆ ಬೇಕಾಗಿದ್ದ ಸೀಟು ಸಿಗದೆ, ಎರಡು ವರ್ಷ ಇಲ್ಲಿ ಓದಿ ಆಮೇಲೆ ದೊಡ್ಡ ಕಡೆಗೆ ಹೋಗುತ್ತೇನೆಂದು ಹಟ ಹಿಡಿದಳು. "ಊರಿಂದ ಫೋನ್ ಮಾಡಿದ್ರೆ ಏನಂತ ಹೇಳೋದು?" ಎಂದು ನನ್ನ ಗಂಡ ಮನೆಯೊಳಗೆ ಶತಪಥ ಹಾಕಿದರು. ಬ್ಯಾಸ್ಕೆಟ್‌ಬಾಲ್ ತಂಡಕ್ಕೂ ಆಯ್ಕೆಯಾಗಿದ್ದಾಳೆ ಅಂತ ಗೊತ್ತಾದ ದಿನ, "ಓದೋಕೆ ಸೇರಿದಾಳೋ, ಚೆಂಡು ಕುಟ್ಟೋಕೆ ಸೇರಿದಾಳೋ" ಎಂದು ಊಟದ ತಟ್ಟೆ ದೂಡಿದರು. ಅವಳನ್ನು ಪ್ರಾಕ್ಟೀಸಿಗೆ ಬಿಟ್ಟು ಕರೆತರುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಸಲ ಹೋದದ್ದು ಒಂದು ಗುರುವಾರ. ಗ್ಯಾಲರಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಕೆಳಗೆ ಹುಡುಗಿಯರು ಓಡುತ್ತಿದ್ದಾರೆ, ತಮ್ಮತಮ್ಮಲ್ಲೇ ಕೂಗಾಡುತ್ತಿದ್ದಾರೆ, ಹೇಳುವವರಿಲ್ಲ ಕೇಳುವವರಿಲ್ಲ. ನನ್ನಿಂದ ಸ್ವಲ್ಪ ದೂರದಲ್ಲಿ ಬೋಳುತಲೆಯ ಮೇಲೆ ಪುಟ್ಟ ಟೋಪಿ ಇಟ್ಟುಕೊಂಡ ಒಬ್ಬ ವಯಸ್ಸಾದವರು ಮಂಡಿ ಉಜ್ಜಿಕೊಳ್ಳುತ್ತಾ ಕೂತಿದ್ದರು. ಯಾರದೋ ತಾತ ಇರಬೇಕು ಅಂದುಕೊಂಡು, "ಕೋಚ್ ಇವತ್ತು ಬಂದಿಲ್ವಾ?" ಎಂದು ಕೇಳಿದೆ.

"ಬಂದಿದ್ದಾನೆ. ಇವತ್ತು ಅವನು ಬಾಯಿ ಬಿಡೋ ಹಾಗಿಲ್ಲ," ಎಂದರು.

ಅದು ಅವರ ಪದ್ಧತಿ. ವಾರದ ಉಳಿದ ದಿನ ಅವರ ದನಿಗೆ ಜಿಮ್ಮಿನ ಕಿಟಕಿಗಳು ಅದುರುತ್ತಿದ್ದವು. ಗುರುವಾರ ಮಾತ್ರ ಗ್ಯಾಲರಿ ಹತ್ತಿ ಬಂದು ತೆಪ್ಪಗೆ ಕೂರುತ್ತಿದ್ದರು. ಹುಡುಗಿಯರೇ ತಪ್ಪು ಹುಡುಕಬೇಕು, ತಾವೇ ಜಗಳವಾಡಿ ತಾವೇ ತಿದ್ದಿಕೊಳ್ಳಬೇಕು. ಯಾಕೆಂದರೆ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗಿ ಮೂರು ನಕ್ಷತ್ರ ಮೂಡುವ ತನಕ ಅವರಿಗೆ ಸಬ್ಬತ್. ಕೆಲಸವಿಲ್ಲ, ಕಾರಿಲ್ಲ, ಫೋನಿಲ್ಲ, ಕೋಚಿಂಗೂ ಇಲ್ಲ. ಆ ಹೊತ್ತಿನಲ್ಲಿ ಬಿದ್ದ ಆಟಗಳಿಗೆಲ್ಲ ಅವರ ಹಳೆಯ ಶಿಷ್ಯೆಯಾದ ಅಸಿಸ್ಟೆಂಟ್ ಕೋಚ್ ಒಬ್ಬಳೇ. "ನಾನಿಲ್ಲದೆ ಆಡೋದನ್ನ ಅವರು ಕಲೀಬೇಕು," ಎಂದರು ನನಗೆ, ಹುಡುಗಿಯರಿಗೆ ಕೇಳಿಸದ ಹಾಗೆ. "ಸುಮ್ಮನಿರೋದನ್ನ ನಾನು ಕಲೀಬೇಕು. ನನ್ನ ಪ್ರಾಕ್ಟೀಸೇ ಕಷ್ಟದ್ದು."

ಕಷ್ಟವೇ. ಸುಮ್ಮನಿರುವಾಗ ಅವರನ್ನು ನೋಡಬೇಕಿತ್ತು. ಯಾರಾದರೂ ತಪ್ಪು ಪಾಸ್ ಕೊಟ್ಟರೆ ಬಾಯಿ ತೆರೆದು, ಕೈಯಿಂದ ಮುಚ್ಚಿಕೊಂಡು, ಎದ್ದು ನಿಂತು, ಮತ್ತೆ ಕೂತು ಒದ್ದಾಡುತ್ತಿದ್ದರು. ಒಮ್ಮೆ ತಡೆಯಲಾರದೆ ಮುಂದಿನ ಖಾಲಿ ಕುರ್ಚಿಯನ್ನು ಒದ್ದೇಬಿಟ್ಟರು. ಅದು ದಡದಡನೆ ಕೆಳಗುರುಳಿತು, ಹುಡುಗಿಯರೆಲ್ಲ ತಿರುಗಿ ನೋಡಿದರು. ಕೋಚ್ ಇಳಿದು ಹೋಗಿ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಬೆನ್ನು ತಟ್ಟಿ ಸಾರಿ ಹೇಳಿ ಮೇಲೆ ಬಂದರು. ನನ್ನ ಕಡೆ ತಿರುಗಿ, "ಕುರ್ಚಿ ಜೊತೆ ಮಾತಾಡಿದ್ರೆ ಲೆಕ್ಕಕ್ಕಿಲ್ಲ," ಎಂದರು.

ಹೀಗೆ ಗುರುವಾರಗಳ ಪುಣ್ಯದಿಂದ ನನಗೆ ಅವರ ಪರಿಚಯವಾಯಿತು. ಹುಡುಗಿಯರ ಜೊತೆ ಮಾತು ಬಂದ್ ಆದ್ದರಿಂದ ಆ ಮಾತೆಲ್ಲ ನನ್ನ ಕಡೆಗೆ ಹರಿಯುತ್ತಿತ್ತು. ಆಟದ ಗಂಧಗಾಳಿಯಿಲ್ಲದ ನನಗೆ ಆಟ ನೋಡುವುದನ್ನು ಕಲಿಸಿದವರು ಅವರೇ. ಚೆಂಡನ್ನು ನೋಡಬೇಡಿ, ಚೆಂಡು ಇಲ್ಲದವಳನ್ನು ನೋಡಿ ಎನ್ನುತ್ತಿದ್ದರು. "ಒಬ್ಬೊಬ್ಬಳ ಕೈಗೂ ಚೆಂಡು ಸಿಗೋದು ಚೂರು ಹೊತ್ತು. ಉಳಿದಷ್ಟು ಹೊತ್ತು ಅವಳು ಏನು ಮಾಡ್ತಾಳೆ ಅನ್ನೋದೇ ಆಟ." ಬುಟ್ಟಿಗೆ ಚೆಂಡು ಬಿದ್ದರೆ ಅವರು ಚಪ್ಪಾಳೆ ಹೊಡೆಯುತ್ತಿರಲಿಲ್ಲ, ಅದಕ್ಕೆ ಜಿಮ್ಮಿನ ಜನರೆಲ್ಲ ಇದ್ದಾರೆ ಎಂಬ ಲೆಕ್ಕ. ಅದಕ್ಕೆ ಮುಂಚಿನ ಪಾಸಿಗೆ ಹೊಡೆಯುತ್ತಿದ್ದರು, ಅದೂ ಚೆಂಡು ಬುಟ್ಟಿ ತಲುಪುವ ಮೊದಲೇ. ಚೆಂಡು ಬೀಳಲಿ ಬಿಡಲಿ, ಪಾಸ್ ಸರಿಯಿದ್ದರೆ ಅವರಿಗೆ ಖುಷಿ. ಕೆಲವು ತಿಂಗಳಲ್ಲಿ ನಾನೂ ಹಾಗೇ ನಡುವೆ ಚಪ್ಪಾಳೆ ಹೊಡೆದು ಪಕ್ಕದವರಿಂದ ವಿಚಿತ್ರ ನೋಟ ಪಡೆಯತೊಡಗಿದೆ.

ಅವರ ಸಬ್ಬತ್ ನನಗೆ ಅಪರಿಚಿತ ಅನಿಸಲೇ ಇಲ್ಲ. ನಮ್ಮಜ್ಜಿಯ ಮಡಿ ಕಂಡಿದ್ದವಳು ನಾನು. ಸೀಸನ್ ಮೊದಲಾಗುವ ಮುಂಚೆ ತಂಡದವರನ್ನೆಲ್ಲ ಮನೆಗೆ ಊಟಕ್ಕೆ ಕರೆದಿದ್ದೆ. ಬಿಸಿಬೇಳೆಬಾತ್ ಪರಿಮಳ ಬೀದಿಗೆ ಹೋಗುತ್ತಿತ್ತು. ಕೋಚ್ ಬಾಗಿಲಲ್ಲೇ ನಿಂತು ಮುಜುಗರದಿಂದ, ತಮ್ಮ ಆಹಾರದ ನಿಯಮದ ಬಗ್ಗೆ ಹೇಳಲು ಶುರುಮಾಡಿದರು. ನಾನು ಪೂರ್ತಿ ಕೇಳಲೂ ಇಲ್ಲ. ನಮ್ಮಜ್ಜಿ ಪರಸ್ಥಳಕ್ಕೆ ಹೋದರೆ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ, ಅದನ್ನೂ ತಾನೇ ಸುಲಿಯಬೇಕು. ಒಳಗೆ ಹೋಗಿ ಹೆಚ್ಚದ ಕಿತ್ತಳೆ, ಬಾಳೆಹಣ್ಣು ತಂದು ಅವರ ಮುಂದಿಟ್ಟೆ. ಅವರು ಹಣ್ಣನ್ನೂ ನನ್ನನ್ನೂ ನೋಡಿ, "ನಿಮಗೆ ಹೇಗೆ ಗೊತ್ತು?" ಎಂದರು. ಅಜ್ಜಿಯ ಕತೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕು, "ನಿಮ್ಮಜ್ಜಿ ನಮ್ಮಮ್ಮನ ಜೊತೆ ಒಂದೇ ಅಡುಗೆಮನೇಲಿ ಇದ್ದಿದ್ರೆ ಇಬ್ಬರೂ ಉಪವಾಸ ಸಾಯ್ತಿದ್ರು," ಎಂದರು.

ಆದರೆ ನಮ್ಮಜ್ಜಿಯ ಮೊಮ್ಮಗಳಾದ ನಾನೇನು ಕಡಿದು ಗುಡ್ಡೆ ಹಾಕಿದ್ದೇನೆ? ಶನಿವಾರ ಒಪ್ಪತ್ತು ಎಂದು ಹೇಳಿಕೊಂಡು, ಮೀಟಿಂಗ್ ಇದ್ದರೆ ಒಪ್ಪತ್ತನ್ನೇ ಭಾನುವಾರಕ್ಕೆ ತಳ್ಳಿದ್ದೇನೆ. ಇಲ್ಲಿ ನಮ್ಮ ದೇವರುಗಳೆಲ್ಲ ವೀಕೆಂಡಿಗೆ ಹೊಂದಿಕೊಂಡುಬಿಟ್ಟಿದ್ದಾರೆ. ಗಣೇಶ ಬುಧವಾರ ಹುಟ್ಟಿದರೂ ಶನಿವಾರದ ತನಕ ಕಾಯುತ್ತಾನೆ. ಯುಗಾದಿಯಂತೂ ಸ್ಕೂಲ್ ಹಾಲ್ ಖಾಲಿ ಸಿಕ್ಕ ದಿನ ಬರುತ್ತದೆ, ಆ ಹೊತ್ತಿಗೆ ಹೊಸ ವರ್ಷ ಹಳತಾಗಿರುತ್ತದೆ. ಇದನ್ನು ಕೋಚ್‌ಗೆ ಹೇಳಿದಾಗ ಅವರು ಕಣ್ಣರಳಿಸಿ, "ಎಂಥ ಒಳ್ಳೆ ದೇವರುಗಳು!" ಎಂದರು. ವ್ಯಂಗ್ಯವಿರಲಿಲ್ಲ, ಹೊಟ್ಟೆಕಿಚ್ಚು ಸ್ವಲ್ಪ ಇತ್ತು.

ಅವರಿಗೆ ಆ ದಿನ ಬಹಳ ದುಬಾರಿಯಾಗಿತ್ತು. ಇದನ್ನು ಅವರು ಹೇಳಿಕೊಂಡವರಲ್ಲ. ಅಸಿಸ್ಟೆಂಟ್ ಕೋಚ್ ಹೇಳಿದ್ದು. ವಯಸ್ಸಿನಲ್ಲಿದ್ದಾಗ ದೊಡ್ಡ ಯೂನಿವರ್ಸಿಟಿಯೊಂದು ಕರೆದಿತ್ತಂತೆ. ಟಿವಿಯಲ್ಲಿ ಬರುವಂಥ ತಂಡ, ಸಾವಿರಾರು ಜನ ಕೂರುವ ಅಂಗಣ. ಶನಿವಾರ ಮಧ್ಯಾಹ್ನಗಳನ್ನು ಬಿಟ್ಟುಕೊಡಬೇಕು ಅಷ್ಟೇ ಎಂದರಂತೆ. ಇವರು ನಮಸ್ಕಾರ ಹೇಳಿ ಬಂದರು. ಆಮೇಲೆ ಜೀವಮಾನವೆಲ್ಲ ಇಂಥ ಸಣ್ಣ ಕಾಲೇಜುಗಳಲ್ಲೇ ಕಳೆಯಿತು. ಆ ಬಗ್ಗೆ ಕೆದಕಿದಾಗ, "ಅಲ್ಲಿ ಕುರ್ಚಿಗಳು ತುಂಬಾ ಗಟ್ಟಿ ಇದ್ವು," ಎಂದು ಹಾರಿಸಿಬಿಟ್ಟರು.

ಸಿಯಾಟಲ್‌ನ ಚಳಿಗಾಲವನ್ನು ಬಾಯ್ತುಂಬ ಹೊಗಳುತ್ತಿದ್ದ ಮನುಷ್ಯ ನಾನು ಕಂಡಂತೆ ಅವರೊಬ್ಬರೇ. ನಾವೆಲ್ಲ ನಾಲ್ಕೂವರೆಗೇ ಕತ್ತಲಾಯಿತಲ್ಲ ಎಂದು ಮುಖ ಗಂಟಿಕ್ಕಿಕೊಂಡಿದ್ದರೆ ಅವರಿಗೆ ಹಬ್ಬ. ಡಿಸೆಂಬರಿನಲ್ಲಿ ಸಬ್ಬತ್ ಬೇಗ ಮುಗಿಯುತ್ತಿತ್ತು, ಶನಿವಾರ ರಾತ್ರಿಯ ಆಟಕ್ಕೆ ಅವರು ಹಾಜರು. ಈ ಮೋಡದಲ್ಲಿ ಮೂರು ನಕ್ಷತ್ರ ಎಲ್ಲಿ ಕಾಣುತ್ತವೆ ಎಂದು ನಾನು ರೇಗಿಸಿದರೆ, ಕ್ಯಾಲೆಂಡರಿನಲ್ಲಿ ಹೊತ್ತು ಅಚ್ಚು ಹಾಕಿರುತ್ತಾರೆ, ಮೋಡಕ್ಕೆಲ್ಲ ದೇವರು ತಲೆ ಕೆಡಿಸಿಕೊಳ್ಳುವುದಿಲ್ಲ ಎನ್ನುತ್ತಿದ್ದರು. ಕಾಲೇಜಿನ ಹತ್ತಿರದ ಟೋಟೆಮ್ ಲೇಕ್‌ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಪ್ರಾರ್ಥನೆಗೆ ನಡೆದೇ ಹೋಗಬೇಕಾದ್ದರಿಂದ ಆ ಮನೆ ಹಿಡಿದಿದ್ದರು.

ಇಷ್ಟು ಹೇಳಿದರೆ ಓದುವವರಿಗೆ ಅವರು ದೊಡ್ಡ ಸಂತರ ಹಾಗೆ ಕಾಣಬಹುದು. ಹಾಗೇನಿಲ್ಲ. ಸೋಲನ್ನು ಅವರಷ್ಟು ದ್ವೇಷಿಸುವವರನ್ನು ನಾನು ನೋಡಿಲ್ಲ. ಸೋತ ದಿನ ಯಾರ ಜೊತೆಯೂ ಮಾತಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಊಟ ಬಿಡುತ್ತಿದ್ದರು. ಮಾರನೆಯ ದಿನ ಸೋತ ಆಟವನ್ನು ಮತ್ತೆ ಮತ್ತೆ ಹಾಕಿ ನೋಡಿ, ಹುಡುಗಿಯರಿಗೆ ಸಾಕಪ್ಪಾ ಸಾಕು ಅನ್ನಿಸುತ್ತಿದ್ದರು. ಪೂರ್ವಿ ಎರಡು ಸಲ ಅಳುತ್ತಾ ಮನೆಗೆ ಬಂದಿದ್ದಳು. "ನಿಮ್ಮ ಕೋಚು ರಾಕ್ಷಸನಾ?" ಎಂದು ನನ್ನ ಗಂಡ ಕೇಳಿದರೆ ಅವಳು ನಮ್ಮ ಮೇಲೇ ಹರಿಹಾಯ್ದಳು.

ಅವಳ ಎರಡನೆಯ ವರ್ಷ ಅವರ ಕೊನೆಯ ವರ್ಷ. ಮಂಡಿ ಕೈಕೊಟ್ಟಿತ್ತು, ನಿವೃತ್ತಿ ಘೋಷಿಸಿಬಿಟ್ಟಿದ್ದರು. ಆ ವರ್ಷವೇ ಹುಡುಗಿಯರು ಗೆಲ್ಲುತ್ತಾ ಹೋದರು. ನಮ್ಮ ಲೀಗಿನಲ್ಲಿ ಎರಡು ಗುಂಪು, ಬೆಟ್ಟಗಳ ಈಚೆಯ ಕಾಲೇಜುಗಳದ್ದು ಒಂದು, ಆಚೆಯವರದ್ದು ಒಂದು. ಈಚೆಗೆ ನಾವು ಮೊದಲು ಬಂದೆವು. ಆಚೆಯ ಗೆದ್ದವರ ಜೊತೆ ಫೈನಲ್, ಅದೂ ನಮ್ಮ ಜಿಮ್ಮಿನಲ್ಲೇ. ಅಷ್ಟು ವರ್ಷದಲ್ಲಿ ಅವರ ಯಾವ ತಂಡವೂ ಫೈನಲ್ ತಲುಪಿರಲಿಲ್ಲ. ಆ ದಿನ ಪಾರ್ಕಿಂಗ್ ಲಾಟಿನಲ್ಲಿ ಕಂಗ್ರಾಟ್ಸ್ ಹೇಳಲು ಹೋದರೆ, ಅವರು ನನ್ನ ಕೈ ಹಿಡಿದುಕೊಂಡರು. "ನನಗೆ ಇದು ಬೇಕು," ಎಂದರು. "ಗೆಲುವು ಮುಖ್ಯ ಅಲ್ಲ ಅಂತ ಎಷ್ಟೋ ಮಕ್ಕಳಿಗೆ ಹೇಳಿದೀನಿ. ಸುಳ್ಳು. ಒಂದು ಸಲ, ಒಂದೇ ಒಂದು ಸಲ ಬೇಕು." ಕಪ್ ಹಿಡಿಯುವ ಆಸೆ ಆ ಮುಖದಲ್ಲಿ ಅಷ್ಟು ಬೆತ್ತಲಾಗಿತ್ತು.

ಫೈನಲ್ ಇದ್ದದ್ದು ಮಾರ್ಚ್ ಮೊದಲ ಶನಿವಾರ, ಮಧ್ಯಾಹ್ನ ಎರಡಕ್ಕೆ.

ಸುದ್ದಿ ಕೇಳಿ ನನ್ನ ಗಂಡನಿಗೇ ಮೊದಲು ತಾಳ್ಮೆ ತಪ್ಪಿತು. ಚೆಂಡು ಕುಟ್ಟುವುದರ ಬಗ್ಗೆ ಅಷ್ಟು ಮಾತಾಡಿದ್ದ ಮನುಷ್ಯ ಆ ಹೊತ್ತಿಗೆ ಕಾಲೇಜಿನ ಬಣ್ಣದ ಟೀಶರ್ಟ್ ಹಾಕಿಕೊಂಡು ಓಡಾಡುತ್ತಿದ್ದರು. "ನಾವು ಯುಗಾದಿನೇ ಮೂರು ವಾರ ಮುಂದಕ್ಕೆ ಹಾಕ್ತೀವಿ ಕಣೇ. ಒಂದು ಮ್ಯಾಚನ್ನ ಸಂಜೆಗೆ ಹಾಕೋಕಾಗಲ್ವಾ?" ಎಂದರು. ಈ ಬುದ್ಧಿ ನಮ್ಮವರಿಗೇ ಹೊಳೆಯುವಂಥದ್ದು. ಉಳಿದ ಅಪ್ಪ ಅಮ್ಮಂದಿರಿಗೆ ಫೋನ್ ಮಾಡಿದೆವು, ಎಲ್ಲರೂ ಹೂಂ ಅಂದರು. ಲೀಗಿನವರಿಗೆ ಮೇಲ್ ಹಾಕಿದೆವು. ಕೋಚ್‌ಗೆ ಮೊದಲೇ ಹೇಳುವುದು ಬೇಡ, ಕೆಲಸ ಆದಮೇಲೆ ಹೇಳೋಣ ಎಂದು ಎಲ್ಲರೂ ಒಪ್ಪಿದೆವು.

ಆಶ್ಚರ್ಯವೆಂದರೆ ಕೆಲಸ ಆಯಿತು. ಎರಡೂ ಕಡೆಯ ಕೋಚುಗಳು ಒಪ್ಪಿದರೆ ರಾತ್ರಿ ಏಳೂವರೆಗೆ ಇಡಬಹುದು ಎಂದು ಲೀಗಿನವರು ಬರೆದರು. ಎದುರಾಳಿ ತಂಡದ ಕೋಚ್ ಕೂಡಲೇ ಒಪ್ಪಿಬಿಟ್ಟಳು. ಅವಳಿಗೂ ನಮ್ಮ ಕೋಚ್ ಮೇಲೆ ಬಹಳ ಗೌರವವಿತ್ತು. ಇನ್ನು ಇವರೊಬ್ಬರು ಹೂಂ ಅಂದರೆ ಮುಗಿಯಿತು. ಗುರುವಾರ ನಾವಿಬ್ಬರೂ ಮದುವೆ ಮಾತುಕತೆಗೆ ಹೋಗುವವರ ಹಾಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ಗ್ಯಾಲರಿ ಹತ್ತಿದೆವು.

ಕೋಚ್ ಪೂರ್ತಿ ಕೇಳಿದರು. ಮೊದಲು ಅವರ ಮುಖ ಬೆಳಗಿದ್ದನ್ನು ನಾನು ಈ ಕಣ್ಣಿಂದ ನೋಡಿದ್ದೇನೆ. ಆಮೇಲೆ ಮಂಡಿ ಉಜ್ಜಿಕೊಳ್ಳುತ್ತಾ, "ಅವರು ಹೇಗೆ ಬರ್ತಾರೆ?" ಎಂದು ಕೇಳಿದರು.

ವ್ಯಾನಿನಲ್ಲಿ ಬರುತ್ತಾರೆ. ಅಂಥ ಸಣ್ಣ ಕಾಲೇಜುಗಳಿಗೆ ಬಸ್ಸು, ಡ್ರೈವರು ಎಲ್ಲಿಂದ ಬರಬೇಕು? ಕೋಚ್ ಒಂದು ವ್ಯಾನು, ಅಸಿಸ್ಟೆಂಟ್ ಇನ್ನೊಂದು ವ್ಯಾನು ಓಡಿಸಿಕೊಂಡು ಬೆಟ್ಟದ ಘಾಟಿ ದಾಟಿ ಬರಬೇಕು, ಆಟ ಮುಗಿಸಿ ಅದೇ ಘಾಟಿ ದಾಟಿ ವಾಪಸ್ ಹೋಗಬೇಕು. ಮಾರ್ಚಿನಲ್ಲಿ ಅಲ್ಲಿ ಯಾವಾಗ ಹಿಮ ಸುರಿಯುತ್ತದೆ, ಯಾವಾಗ ರಸ್ತೆ ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ ಎಂದು ಹೇಳಲಾಗುವುದಿಲ್ಲ.

"ಅವರೆಲ್ಲ ನಮ್ಮ ಮನೆಗಳಲ್ಲಿ ಉಳ್ಕೊಳ್ಳಲಿ ಕೋಚ್," ಎಂದೆ ನಾನು. "ಎಷ್ಟು ಜನ ಆದ್ರೂ ಹಾಸಿಗೆ ಹಾಸ್ತೀವಿ. ಬೆಳಿಗ್ಗೆ ಬಿಸಿ ಇಡ್ಲಿ ಹಾಕಿ ಕಳಿಸ್ತೀನಿ."

"ನೀವು ಮಾಡ್ತೀರ, ನನಗೆ ಗೊತ್ತು," ಎಂದು ನಕ್ಕರು. "ಆದ್ರೆ ಆ ಹುಡುಗಿಯರಲ್ಲಿ ಅರ್ಧ ಜನ ಭಾನುವಾರ ಬೆಳಿಗ್ಗೆನೇ ಕೆಲಸಕ್ಕೆ ಹೋಗ್ತಾರೆ. ಸೇಬು ಪ್ಯಾಕ್ ಮಾಡೋದು, ಅಂಗಡಿ ತೆಗೆಯೋದು. ರಾತ್ರಿನೇ ಹೊರಡ್ತಾರೆ. ಆ ರಸ್ತೇಲಿ ನಾನು ಎಷ್ಟು ವರ್ಷ ವ್ಯಾನ್ ಓಡಿಸಿದೀನಿ. ಹಿಂದೆ ಮಕ್ಕಳು ನಿದ್ದೆ ಮಾಡ್ತಿರ್ತಾರೆ. ಯಾರೂ ಹೆದರೋದಿಲ್ಲ, ಎಲ್ಲಾ ನಮ್ಮ ಮೇಲೆ ಬಿಟ್ಟು ಮಲಗಿರ್ತಾರೆ. ಅವರ ಆ ನಿದ್ದೆ ನೋಡಿ ನಾನು ವೇಗ ಇನ್ನೂ ಇಳಿಸ್ತಿದ್ದೆ."

"ಅವರ ಕೋಚೇ ಒಪ್ಪಿದ್ದಾರಲ್ಲ?" ಎಂದರು ನನ್ನ ಗಂಡ.

"ನನ್ನ ಮೇಲಿನ ಮರ್ಯಾದೆಗೆ ಒಪ್ಪಿದಾಳೆ. ಅದನ್ನ ನಾನು ಹೀಗೆ ಬಳಸ್ಕೋಬಾರದು. ಸಬ್ಬತ್ ನಂದು. ಅದರ ಕಷ್ಟ ನಾನು ಪಡ್ತೀನಿ. ಬೇರೆಯವರ ಮಕ್ಕಳ ತಲೆ ಮೇಲೆ ಹಾಕೋಕಾಗಲ್ಲ." ಆಟ ಮಧ್ಯಾಹ್ನವೇ ನಡೆಯಲಿ ಎಂದು ಅಲ್ಲೇ ಕೂತು ಲೀಗಿನವರಿಗೆ ಫೋನ್ ಮಾಡಿ ಹೇಳಿಬಿಟ್ಟರು. ಹಾಗಾದರೆ ನಡೆದುಕೊಂಡು ಬಂದು ಗ್ಯಾಲರಿಯಲ್ಲಾದರೂ ಕೂತು ನೋಡಿ ಎಂದೆ. ಆಗುವುದಿಲ್ಲ ಎಂದು ತಲೆಯಾಡಿಸಿದರು. ನೋಡುತ್ತಾ ಕೂತರೆ ಕಣ್ಣಲ್ಲೇ ಕೋಚಿಂಗ್ ಮಾಡುತ್ತೇನೆ, ಅದೂ ಕೆಲಸವೇ ಎಂದರು.

ಪೂರ್ವಿಗೆ ಕೆಂಡದಂಥ ಸಿಟ್ಟು ಬಂತು. ಕಾರಿನಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಮನೆ ಬೈದಳು. ಎರಡು ವರ್ಷ ನಮ್ಮ ಜೀವ ತಿಂದು, ಕೊನೆಯ ದಿನ ಮನೆಯಲ್ಲಿ ಕೂರುತ್ತಾರಂತೆ, ಅವರಿಗೆ ನಾವು ಬೇಡ, ಯಾರೋ ಎದುರಾಳಿಗಳು ಬೇಕು. ನನಗೂ ಒಳಗೊಳಗೆ ಅವಳದೇ ಸರಿ ಅನಿಸುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಸೂರ್ಯ ಇಳಿಯುವ ಮೊದಲು ಅವರು ತಂಡದ ಜೊತೆ ಕೊನೆಯ ಬಾರಿ ನಿಂತರು. ದೊಡ್ಡ ಭಾಷಣ ಮಾಡಿ ಎಲ್ಲರನ್ನೂ ಅಳಿಸುತ್ತಾರೆ ಅಂದುಕೊಂಡಿದ್ದೆವು. ಅವರು ಹೇಳಿದ್ದು ಇಷ್ಟೇ. "ನಾಳೆ ನನ್ನ ಜಾಗ ಖಾಲಿ ಬಿಡಬೇಡಿ. ಟವೆಲ್ಲು, ನೀರಿನ ಬಾಟಲಿ ಏನಾದ್ರೂ ಇಡಿ. ಖಾಲಿ ಕುರ್ಚಿಗೋಸ್ಕರ ಆಡಿದ್ರೆ ಸೋಲ್ತೀರ. ಪಕ್ಕದವಳಿಗೋಸ್ಕರ ಆಡಿ." ಆಮೇಲೆ ಗಡಿಯಾರ ನೋಡಿಕೊಂಡು ಕುಂಟುತ್ತಾ ಹೊರಟುಹೋದರು.

ಶನಿವಾರ ಹುಡುಗಿಯರು ಆಡಿದ ಆಟವನ್ನು ನಾನು ಮರೆಯಲಾರೆ. ಬೆಂಚಿನ ಕಡೆಯಿಂದ ದೊಡ್ಡ ದನಿ ಇರಲಿಲ್ಲ, ಇದ್ದದ್ದು ಅವರವರದೇ ದನಿ. ಗುರುವಾರಗಳಲ್ಲಿ ಕಂಡ ಹಾಗೆಯೇ ಒಬ್ಬರನ್ನೊಬ್ಬರು ಕೂಗಿ ಕರೆದು, ಬೈದು, ತಿದ್ದಿ ಆಡಿದರು. ಕೊನೆಯ ಗಳಿಗೆಯವರೆಗೂ ಸಮ ಸಮ. ಕೊನೆಯಲ್ಲಿ ಆಚೆಯವರು ಒಂದು ಬುಟ್ಟಿ ಮುಂದಿದ್ದರು, ಚೆಂಡು ಪೂರ್ವಿಯ ಕೈಯಲ್ಲಿತ್ತು. ಇಬ್ಬರು ಅವಳ ಮೇಲೆ ಬಿದ್ದರು. ಅವಳು ತಾನೇ ಎಸೆಯದೆ, ಮೂಲೆಯಲ್ಲಿ ಒಂಟಿಯಾಗಿದ್ದ ಗೆಳತಿಗೆ ಪಾಸ್ ಕೊಟ್ಟಳು. ಆ ಹುಡುಗಿ ಎಸೆದ ಚೆಂಡು ಬುಟ್ಟಿಯ ಬಳೆಯ ಮೇಲೆ ಸುತ್ತಿ ಹೊರಗೆ ಬಿತ್ತು, ಗಂಟೆ ಹೊಡೆಯಿತು. ಸೋತೆವು.

ಆಚೆಯ ಹುಡುಗಿಯರು ಕಪ್ ಹಿಡಿದು ಕುಣಿದು, ಬಿಸಿಲಿರುವಾಗಲೇ ವ್ಯಾನ್ ಹತ್ತಿ ಹೊರಟರು. ಹೌದು, ಬಿಸಿಲು. ಆ ವಾರವೆಲ್ಲ ಒಂದು ಹನಿ ಬಿದ್ದಿರಲಿಲ್ಲ. ಪಾರ್ಕಿಂಗ್ ಲಾಟಿನಿಂದ ದೂರದ ಬೆಟ್ಟಗಳು ತೊಳೆದಿಟ್ಟ ಹಾಗೆ ಕಾಣುತ್ತಿದ್ದವು. ಯಾರೋ ಫೋನಿನಲ್ಲಿ ಘಾಟಿ ರಸ್ತೆಯ ಕ್ಯಾಮೆರಾ ತೆಗೆದು ನೋಡಿದರು. ರಸ್ತೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು, ಒಂದು ಚೂರು ಹಿಮವಿಲ್ಲ. "ಏಳೂವರೆಗೆ ಆರಾಮಾಗಿ ಆಡಬಹುದಿತ್ತು," ಎಂದರು ನನ್ನ ಗಂಡ.

ಕೋಚ್ ಫೋನ್ ಆಫ್. ಅವರಿಗೆ ಏನೂ ಗೊತ್ತಿಲ್ಲ. ಯಾರಾದರೂ ಹೋಗಿ ಹೇಳಬೇಕು. ಹುಡುಗಿಯರು ಎಲ್ಲರೂ ಹೋಗುತ್ತೇವೆಂದು ಹೊರಟರು. ಕತ್ತಲಾಗುವ ತನಕ ಅವರ ಅಪಾರ್ಟ್‌ಮೆಂಟಿನ ಕೆಳಗೆ ಕಾದು ನಿಂತೆವು. ಆಮೇಲೆ ಹೋಗಿ ಬಾಗಿಲು ತಟ್ಟಿದರೆ ಅವರೇ ತೆರೆದರು. ಹುಡುಗಿಯರ ಮುಖದ ಮೇಲೆ ಒಂದು ಸುತ್ತು ಕಣ್ಣು ಹಾಯಿಸಿದರು, ಅಷ್ಟರಲ್ಲೇ ಅವರಿಗೆ ತಿಳಿಯಿತು ಎಂದು ನನಗೆ ಗೊತ್ತಾಯಿತು. ಒಳಗೆ ಕರೆದು, ಜಡೆಯ ಹಾಗೆ ಹೆಣೆದ ಮೇಣದ ಬತ್ತಿ ಹಚ್ಚಿ, ಲವಂಗದ ಪುಟ್ಟ ಡಬ್ಬಿಯನ್ನು ಮೂಸಿ ನೋಡಿ, ನಮಗೂ ಮೂಸಲು ಕೊಟ್ಟರು. ಪ್ರಾರ್ಥನೆ ಹೇಳಿ ಬತ್ತಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಆರಿಸಿದರು. ಸಬ್ಬತ್ ಮುಗಿಯಿತು.

ಮಾಡಿದ ಮೊದಲ ಕೆಲಸವೆಂದರೆ ಫೋನ್ ಆನ್ ಮಾಡಿ ಆಚೆಯ ತಂಡದ ಕೋಚ್‌ಗೆ ಕಾಲ್ ಮಾಡಿದ್ದು. "ಎಲ್ಲಿದೀರಾ?" ಎಂದರು. "ದಾಟಿದ್ರಾ? ಎರಡೂ ವ್ಯಾನಾ? ಎಲ್ಲರೂ?" ಆ ಕಡೆಯಿಂದ ಹುಡುಗಿಯರು ಹಾಡುತ್ತಿರುವುದು ನಮಗೂ ಕೇಳಿಸುತ್ತಿತ್ತು. "ಚೆನ್ನಾಗಿ ಆಡಿದೀರಂತ ಕಾಣುತ್ತೆ. ನನ್ನ ಮಕ್ಕಳ ಮುಖ ನೋಡಿದ್ರೆ ಗೊತ್ತಾಗುತ್ತೆ," ಎಂದು ನಕ್ಕು ಫೋನ್ ಇಟ್ಟರು.

ಪೂರ್ವಿಗೆ ತಡೆಯಲಾಗಲಿಲ್ಲ. "ರೋಡ್ ಡ್ರೈ ಇತ್ತು ಕೋಚ್!" ಎಂದು ಕೂಗಿದಳು. "ಹಿಮಾನೇ ಇರಲಿಲ್ಲ. ಒಂದು ಚೂರೂ ಇಲ್ಲ. ನಾವು ಸಂಜೆ ಆಡಬಹುದಿತ್ತು. ನೀವು ಇರ್ತಿದ್ರಿ."

"ಡ್ರೈ ಇತ್ತಾ?" ಎಂದರು ಅವರು. "ಪೂರ್ತಿನಾ? ಮೇಲಿನ ತಿರುವಲ್ಲೂ?"

"ಪೂರ್ತಿ."

"ಸದ್ಯ!" ಎಂದರು. ಅವರ ಮುಖವೆಲ್ಲ ನಗುವಾಯಿತು. ಬಿಗಿ ಹಿಡಿದಿದ್ದ ಭುಜಗಳು ಇಳಿದವು. ಬೆಳಿಗ್ಗೆಯಿಂದ ಅವರನ್ನು ಕಾಡುತ್ತಿದ್ದದ್ದು ಏನೆಂದು ಆಗ ನನಗೆ ಅರ್ಥವಾಯಿತು. ಆ ಮುಖದಲ್ಲಿ ನಾನು ಪಶ್ಚಾತ್ತಾಪವನ್ನು ಹುಡುಕಿದೆ, ಹುಡುಕಲೇಬೇಕೆಂದು ಹುಡುಕಿದೆ. ಇರಲಿಲ್ಲ. ರಸ್ತೆ ಒಣಗಿತ್ತೆಂಬ ಸಂತೋಷ ಮಾತ್ರ ಇತ್ತು.

ಆಮೇಲೆ ಕುರ್ಚಿ ಎಳೆದುಕೊಂಡು ಕೂತು, "ಎಷ್ಟರಲ್ಲಿ ಸೋತ್ರಿ?" ಎಂದು ಕೇಳಿದರು.

"ಒಂದು ಬ್ಯಾಸ್ಕೆಟ್," ಎಂದಳು ಪೂರ್ವಿ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಮರೆಮಾಚುವ ಅಳುವಲ್ಲ, ಚಿಕ್ಕ ಮಕ್ಕಳು ಅಳುವ ಹಾಗೆ ಬಿಕ್ಕಿ ಬಿಕ್ಕಿ. ಹುಡುಗಿಯರು ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗಷ್ಟೇ ಆ ಸಂತೋಷ ನಿಜವಾಗಿತ್ತು, ಈಗ ಈ ದುಃಖವೂ ಅಷ್ಟೇ ನಿಜವಾಗಿತ್ತು. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡ ಮನುಷ್ಯನನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೊಂದೇ ಸಲ. ದೊಡ್ಡವರು ಎಂದರೆ ಇವರು ಅನಿಸಿತು. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದ ನನ್ನ ಗಂಡನೂ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಪೂರ್ವಿ ನಿಧಾನಕ್ಕೆ ಅವರ ಮುಂದೆ ನೆಲದ ಮೇಲೆ ಕೂತಳು. ಅವಳ ಸಿಟ್ಟು ಎಲ್ಲಿ ಹೋಯಿತೋ. "ಕೋಚ್, ಆ ಗುರುವಾರನೇ ಇನ್ನೊಂದು ಸಲ ಬಂದ್ರೆ, ಮತ್ತೆ ಕೇಳಿದ್ರೆ, ಸಂಜೆಗೆ ಹೂಂ ಅಂತೀರಾ?" ಎಂದಳು.

"ರಸ್ತೆ ಒಣಗಿರುತ್ತೆ ಅಂತ ಗೊತ್ತಿದ್ರೆ ಅಂತೀನಿ," ಎಂದರು ಮೂಗು ಒರೆಸಿಕೊಳ್ಳುತ್ತಾ. "ನಾನೇನು ಹುಚ್ಚನಾ?"

ಹುಡುಗಿಯರೆಲ್ಲ ಅಳುವಿನ ನಡುವೆಯೇ ಕಿಸಕ್ಕನೆ ನಕ್ಕರು.

"ಗೊತ್ತಿಲ್ಲ ಅಂದ್ರೆ?" ಎಂದಳು ಪೂರ್ವಿ.

"ಗೊತ್ತಿಲ್ಲ ಅಂದ್ರೆ ಇಲ್ಲ," ಎಂದು ಹೇಳಿ, ಅವಳ ತಲೆಯ ಮೇಲೆ ಕೈಯಿಟ್ಟು, ಅವರು ಮತ್ತೆ ಅಳತೊಡಗಿದರು.